ಮನೆ ಮುಂದಿನ ರಸ್ತೆಯಲ್ಲಿ ರಾತ್ರಿ ಕಾರ್ ನಿಲ್ಲಿಸಬಹುದಾ?

ಪ್ರಶ್ನೆ: ಮೇಡಂ, ನಮಸ್ತೆ. ಚಿಕ್ಕಮಗಳೂರಿನ ವಿಜಯಪುರದಲ್ಲಿ ಬಾಡಿಗೆಗಿದ್ದೇವೆ. ಮನೆಯೊಳಗೆ ಸ್ಕೂಟರ್‌ಗಷ್ಟೇ ಜಾಗ. ರಾತ್ರಿ ಕಾರನ್ನು ಎದುರು ಮನೆಯ ಕಾಂಪೌಂಡ್ ಪಕ್ಕ ನಿಲ್ಲಿಸುತ್ತೇನೆ, ಗೇಟಿಗೆ ಅಡ್ಡ ಇಲ್ಲ. ಆ ಮನೆಯವರು "ಇದು ನಮ್ಮ ಜಾಗ, ರಾತ್ರಿ ರಸ್ತೆಯಲ್ಲಿ ಗಾಡಿ ಬಿಡೋ ಹಾಗಿಲ್ಲ" ಅಂತಾರೆ. ಮೊನ್ನೆಯಿಂದ ಅಲ್ಲಿ ಹೂವಿನ ಕುಂಡ ಇಟ್ಟಿದ್ದಾರೆ. ಅಂಥ ಕಾನೂನು ಇದೆಯಾ?

ಉತ್ತರ (ವಕೀಲೆ): ಕಾಂಪೌಂಡ್ ಅವರದು, ಅದರಾಚೆಯ ರಸ್ತೆ ಸಾರ್ವಜನಿಕರದು. ಕುಂಡ, ಕಲ್ಲು, ಹಳೇ ಟೈರ್ ಇಟ್ಟು ಜಾಗ ಹಿಡಿಯುವ ಹಕ್ಕು ಅವರಿಗಿಲ್ಲ. ನೀವೇ ಎತ್ತಿ ಎಸೆಯಲು ಹೋಗಬೇಡಿ, ನಗರಸಭೆಗೆ ಒಂದು ಅರ್ಜಿ ಕೊಡಿ.

ಮೋಟಾರು ವಾಹನ ಕಾಯ್ದೆ, 1988ರಲ್ಲಿ ರಾತ್ರಿ ಅಂತಲೇ ಪ್ರತ್ಯೇಕ ನಿಷೇಧವಿಲ್ಲ. ಎಲ್ಲಿ ನಿಲ್ಲಿಸಿದಿರಿ ಅನ್ನುವುದೇ ಮುಖ್ಯ. ತಿರುವು, ಜಂಕ್ಷನ್, ಫುಟ್‌ಪಾತ್, ಬಸ್ ಸ್ಟಾಪ್, ಆಸ್ಪತ್ರೆ ಬಾಗಿಲು, ನೋ ಪಾರ್ಕಿಂಗ್ ಬೋರ್ಡ್ ಇರುವ ಕಡೆ ಹಗಲೂ ತಪ್ಪು, ರಾತ್ರಿಯೂ ತಪ್ಪು. ಸಾಮಾನ್ಯ ದಂಡ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕರೆ 1,500ರವರೆಗೆ.

ಆದರೆ ಅದೇ ಕಾಯ್ದೆಯ 127ನೇ ಕಲಂ ನೋಡಿಕೊಳ್ಳಿ. ಸಾರ್ವಜನಿಕ ಜಾಗದಲ್ಲಿ ಯಾರೂ ಇಲ್ಲದೆ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಗಾಡಿ ಬಿಟ್ಟರೆ ಅದನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಹೇಳಬಹುದು. ಖರ್ಚು ಮಾಲೀಕರದೇ. ರಾತ್ರಿ 8ಕ್ಕೆ ಬಿಟ್ಟು ಬೆಳಿಗ್ಗೆ 8ಕ್ಕೆ ತೆಗೆದರೆ ಲೆಕ್ಕಕ್ಕೆ 12 ಗಂಟೆ! ಹಾಗಂತ ಹೆದರಬೇಕಿಲ್ಲ, ಓಡಾಟಕ್ಕೆ ಅಡ್ಡಿಯಾದರೆ, ದೂರು ಬಂದರೆ ಈ ಕಲಂ ನೆನಪಾಗುತ್ತದೆ. ಊರಿಗೆ ಹೋಗುವಾಗ ವಾರಗಟ್ಟಲೆ ಮಾತ್ರ ಬಿಡಬೇಡಿ.

ಪ್ರಶ್ನೆ ಕೇಳಿದವರು: ಟೈರ್ ಗಾಳಿ ತೆಗೀತೀವಿ ಅಂತಲೂ ಅಂದರು ಮೇಡಂ.

ವಕೀಲೆ: ಬೇಕಂತಲೇ ಗಾಡಿಗೆ ಹಾನಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಅಡಿ ದೂರು ಕೊಡಬಹುದು. ಫೋಟೊ ಇರಲಿ. ಆದರೂ ಮೊದಲು ಮಾತಾಡಿ. ನಿಮ್ಮ ಮೊಬೈಲ್ ನಂಬರ್ ಬರೆದು ಗಾಜಿನೊಳಗೆ ಇಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನೊಬ್ಬರು: ಹಾಸನದಿಂದ ಕೇಳ್ತಿದ್ದೀನಿ. ನಿಂತಿದ್ದ ಕಾರಿಗೆ ಬೈಕಿನವನು ಬಂದು ಗುದ್ದಿದರೆ ತಪ್ಪು ಅವನದೇ ಅಲ್ವಾ?

ವಕೀಲೆ: ಯಾವಾಗಲೂ ಅಲ್ಲ ಸರ್. ನನ್ನ ಪ್ರಕಾರ ದಂಡಕ್ಕಿಂತ ಯೋಚಿಸಬೇಕಾದ್ದು ಇದನ್ನೇ. ಬೀದಿದೀಪ ಇಲ್ಲದ ತಿರುವಿನಲ್ಲಿ, ಮಳೆ ಸುರಿಯುವಾಗ, ಕಪ್ಪು ಕಾರು ಅರ್ಧ ಟಾರಿನ ಮೇಲೆ ನಿಂತಿದೆ ಅಂದುಕೊಳ್ಳಿ. ಪಾರ್ಕಿಂಗ್ ಲೈಟೂ ಇಲ್ಲ. ಅಪಾಯ ಆಗುವಂತೆ ಗಾಡಿ ನಿಲ್ಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ತಡೆಯುತ್ತದೆ. ಸವಾರನಿಗೆ ಪೆಟ್ಟಾದರೆ ಪರಿಹಾರದ ಕೇಸಿನಲ್ಲಿ ತಪ್ಪಿನ ಪಾಲು ಕಾರಿನವರ ಮೇಲೂ ಬರಬಹುದು. ವಿಮೆ ಚಾಲ್ತಿಯಲ್ಲಿ ಇಲ್ಲದಿದ್ದರೆ ಆ ದುಡ್ಡು ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಇನ್ನೊಬ್ಬರು: ಮಳೆಗಾಲದಲ್ಲಿ ರಾತ್ರಿ ಕೊಂಬೆ ಬಿದ್ದರೆ?

ವಕೀಲೆ: ಥರ್ಡ್ ಪಾರ್ಟಿ ಪಾಲಿಸಿ ಒಂದೇ ಇದ್ದರೆ ನಿಮ್ಮ ಕಾರಿಗೆ ಏನೂ ಸಿಗಲ್ಲ. ಸ್ವಂತ ಗಾಡಿಯ ಹಾನಿಗೂ ದುಡ್ಡು ಕೊಡುವ ಕಾಂಪ್ರೆಹೆನ್ಸಿವ್ ಪಾಲಿಸಿ ಇರಬೇಕು. ಕೊಂಬೆ ಎತ್ತುವ ಮೊದಲು ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಿ. ಹಾನಿ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ತನಕ ಗ್ಯಾರೇಜಿನಲ್ಲಿ ಕೆಲಸ ಶುರು ಮಾಡಿಸಬೇಡಿ.