'ಭಿನ್ನರಾಶಿ' ಅಂತ ಹುಡುಕಿದ್ರೆ ಮೂರೇ ರಿಸಲ್ಟ್, ಆದ್ರೆ ಲೈಬ್ರರೀಲಿ ಪಾಠ ರಾಶಿ ಇದೆ

ಸೀಮೆಸುಣ್ಣ:
ಎಲ್ಲರಿಗೂ ನಮಸ್ಕಾರ, ಎರಡು ದಿನದಿಂದ ತಲೆ ಕೆಟ್ಟುಹೋಗಿದೆ, ಗೊತ್ತಿರೋರು ಸ್ವಲ್ಪ ಹೇಳಿ. ನಾನು ಗಣಿತ ಹೇಳಿಕೊಡೋಳು. ನಮಗೆ ಒಂದು ಆನ್‌ಲೈನ್ ಪಾಠಗಳ ಲೈಬ್ರರಿಗೆ ಲಾಗಿನ್ ಕೊಟ್ಟಿದ್ದಾರೆ, ವಿಡಿಯೋ, ಪಿಡಿಎಫ್, ಕ್ವಿಜ್ ಎಲ್ಲಾ ಇದೆ, ಕನ್ನಡ ಇಂಗ್ಲಿಷ್ ಎರಡೂ ಇದೆ. ಅದ್ರಲ್ಲಿ ಭಿನ್ನರಾಶಿ ಅಂತ ಟೈಪ್ ಮಾಡಿದ್ರೆ ನಂಗೆ 3 ಬರುತ್ತೆ, ಪಕ್ಕದಲ್ಲಿ ಕೂತಿರೋ ಸಹೋದ್ಯೋಗಿಗೆ ಅದೇ ಪದಕ್ಕೆ 19 ಬರುತ್ತೆ! ಹೋದ ತಿಂಗಳು ನಾನೇ ನೋಡಿದ್ದ ಒಂದು ಒಳ್ಳೇ ವಿಡಿಯೋ ಈಗ ನನ್ನ ಸರ್ಚಲ್ಲಿ ಇಲ್ವೇ ಇಲ್ಲ, ಅವರ ಲಿಸ್ಟಲ್ಲಿ ಆರಾಮಾಗಿ ಕೂತಿದೆ. ಸರಿ ಇಂಗ್ಲಿಷಲ್ಲಿ ಫ್ರ್ಯಾಕ್ಷನ್ ಅಂತ ಹುಡುಕೋಣ ಅಂದ್ರೆ 600 ಚಿಲ್ಲರೆ ಬರುತ್ತೆ, ಅದ್ರಲ್ಲಿ ಅರ್ಧ ಕೆಮಿಸ್ಟ್ರಿ, ಫ್ರ್ಯಾಕ್ಷನಲ್ ಡಿಸ್ಟಿಲೇಷನ್ನು. 'ಐದನೇ ತರಗತಿ ಮಕ್ಕಳಿಗೆ ಭಿನ್ನರಾಶಿ ಕೂಡೋದು ಹೇಗೆ ಹೇಳಿಕೊಡೋದು' ಅಂತ ಪೂರ್ತಿ ಬರೆದ್ರೆ ಸೊನ್ನೆ. ಲಾಗೌಟ್ ಮಾಡಿ ಲಾಗಿನ್ ಆದೆ, ಬ್ರೌಸರ್ ಉಳಿಸಿಟ್ಟುಕೊಂಡಿರೋ ಹಳೇ ಡೇಟಾ, ಅದೇ ಕ್ಯಾಶ್, ಕ್ಲಿಯರ್ ಮಾಡಿದೆ, ಏನೂ ಆಗ್ಲಿಲ್ಲ.

ಗೂಬೆ64:
ಸಾರ್ ಕ್ಯಾಶ್ ಕ್ಲಿಯರ್ ಮಾಡಿ ನೋಡಿ, ಸರಿಹೋಗುತ್ತೆ.

ಸೀಮೆಸುಣ್ಣ:
ಸಾರ್ ಅಲ್ಲ, ಮೇಡಂ. ಕ್ಯಾಶ್ ವಿಷಯ ಮೇಲೇ ಬರೆದಿದೀನಲ್ಲ 🙂

ಇಂಡೆಕ್ಸ್_ಇಲಿ:
ಮೇಡಂ, ಒಂದೇ ಪದ ಇಬ್ಬರಿಗೆ ಬೇರೆ ಬೇರೆ ಲೆಕ್ಕ ತೋರಿಸ್ತಿದೆ ಅಂದ್ರೆ ಪದದ್ದಲ್ಲ ತಪ್ಪು, ಮೊದಲು ಅಕೌಂಟ್ ಕಡೆ ನೋಡಿ. ನಿಮ್ಮ ಸರ್ಚ್ ಪೇಜಲ್ಲಿ ಫಿಲ್ಟರ್ ಏನಾದ್ರೂ ಆನ್ ಆಗಿದ್ಯಾ? ತುಂಬಾ ಕಡೆ ಹಿಂದಿನ ಸಲ ಹಾಕಿದ ಫಿಲ್ಟರ್ ಹಾಗೇ ಅಂಟಿಕೊಂಡಿರುತ್ತೆ, ಮೊಬೈಲಲ್ಲಂತೂ ಒಂದು ಸಣ್ಣ ಐಕಾನ್ ಒಳಗೆ ಬಚ್ಚಿಟ್ಟಿರ್ತಾರೆ. ಇನ್ನೊಂದು, ಪ್ರೊಫೈಲಲ್ಲಿ ಭಾಷೆ, ತರಗತಿ ಅಂತ ಏನಾದ್ರೂ ಸೆಟ್ ಆಗಿದ್ಯಾ ನೋಡಿ, ಕೆಲವು ಲೈಬ್ರರಿ ಕೇಳದೇನೇ ಅದನ್ನೇ ಫಿಲ್ಟರ್ ಥರ ಬಳಸ್ತವೆ. ಮತ್ತೆ ಅಡ್ಮಿನ್ ನಿಮ್ಮಿಬ್ಬರಿಗೂ ಒಂದೇ ಗುಂಪಿನ ಪರ್ಮಿಷನ್ ಕೊಟ್ಟಿದಾರಾ? ನಿಮಗೆ ನೋಡೋ ಹಕ್ಕಿಲ್ಲದ ಪಾಠ ರಿಸಲ್ಟಲ್ಲೇ ಬರಲ್ಲ, ಇಲ್ಲ ಅಂತಾನೂ ಹೇಳಲ್ಲ.

ಸೀಮೆಸುಣ್ಣ:
ಅಯ್ಯೋ ಸಿಕ್ತು! ಫಿಲ್ಟರ್ ಐಕಾನ್ ಒಳಗೆ 'ಹಂತ: ಪ್ರೌಢಶಾಲೆ' ಅಂತ ಟಿಕ್ ಆಗಿ ಕೂತಿತ್ತು, ಯಾವಾಗ ಹಾಕಿದ್ನೋ ದೇವರಿಗೇ ಗೊತ್ತು. ತೆಗೆದೆ, 3 ಇದ್ದಿದ್ದು 8 ಆಯ್ತು. ಪರ್ಮಿಷನ್ ಇಬ್ಬರದೂ ಒಂದೇ ಅಂತ ಅಡ್ಮಿನ್ ಹೇಳಿದ್ರು. ಆದ್ರೂ 19 ಆಗ್ಲಿಲ್ಲವಲ್ಲ, ಆ ವಿಡಿಯೋನೂ ಬಂದಿಲ್ಲ.

ಇಂಡೆಕ್ಸ್_ಇಲಿ:
ಸರಿ, ಈಗ ಪದದ ಕಡೆ ಬರೋಣ. ಸ್ವಲ್ಪ ಉದ್ದ ಆಗುತ್ತೆ ಬೈಕೋಬೇಡಿ.

ಇಂಥ ಸರ್ಚ್ ಬಾಕ್ಸ್ ಸಾಮಾನ್ಯವಾಗಿ ಪಾಠದೊಳಗೆ ಇಣುಕಿ ನೋಡಲ್ಲ. ಅಪ್‌ಲೋಡ್ ಮಾಡಿದೋರು ಟೈಟಲ್, ವಿವರಣೆ, ಕೀವರ್ಡ್ ಜಾಗದಲ್ಲಿ ಏನು ಬರೆದ್ರೋ ಅದನ್ನ ಪದ ಪದವಾಗಿ ಒಡೆದು ಒಂದು ಪಟ್ಟಿ ಮಾಡಿಟ್ಟಿರುತ್ತೆ, ಪುಸ್ತಕದ ಹಿಂದೆ ಪದಸೂಚಿ ಇರುತ್ತಲ್ಲ ಆ ಥರ, ಅದೇ ಇಂಡೆಕ್ಸ್. ವಿಡಿಯೋದಲ್ಲಿ ಮೇಷ್ಟ್ರು ನೂರು ಸಲ ಭಿನ್ನರಾಶಿ ಅಂದಿರಬಹುದು, ಸಬ್‌ಟೈಟಲ್ ಇಂಡೆಕ್ಸ್ ಆಗಿಲ್ಲ ಅಂದ್ರೆ ಅದು ಲೆಕ್ಕಕ್ಕಿಲ್ಲ. ಸ್ಕಾರ್ಮ್ ಪ್ಯಾಕೇಜ್ ಅಂತ ಜಿಪ್ ಫೈಲ್ ಥರ ಹಾಕಿರೋ ಕೋರ್ಸ್‌ಗಳದ್ದೂ ಸಾಮಾನ್ಯವಾಗಿ ಇದೇ ಕತೆ, ಹೊರಗಿನ ಹೆಸರು ವಿವರಣೆ ಮಾತ್ರ ಸಿಗುತ್ತೆ, ಒಳಗಿನ ಸ್ಲೈಡ್ ಸಿಗಲ್ಲ.

ಈಗ ಕನ್ನಡದ ತಾಪತ್ರಯ. ಭಿನ್ನರಾಶಿ, ಭಿನ್ನರಾಶಿಗಳು, ಭಿನ್ನರಾಶಿಯ, ಭಿನ್ನರಾಶಿಗಳಲ್ಲಿ, ಇವೆಲ್ಲ ನಮಗೆ ಒಂದೇ ಪದ, ಮಿಷನ್‌ಗೆ ನಾಲ್ಕು ಬೇರೆ ಬೇರೆ ಪದ, ಪ್ರತ್ಯಯ ಬಿಡಿಸೋದು ಅದಕ್ಕೆ ಗೊತ್ತಿಲ್ಲ. ಇಂಗ್ಲಿಷ್‌ಗೆ ಆ ಕೆಲಸಕ್ಕೆ ಸ್ಟೆಮ್ಮರ್ ಅಂತ ಇದೆ, ಮಾರ್ಟಿನ್ ಪೋರ್ಟರ್ ಅನ್ನೋರು 1980ರಲ್ಲೇ ಪ್ರಕಟಿಸಿದ್ದು ಇವತ್ತಿಗೂ ಓಡ್ತಿದೆ. ಅದು ಫ್ರ್ಯಾಕ್ಷನ್, ಫ್ರ್ಯಾಕ್ಷನ್ಸ್, ಫ್ರ್ಯಾಕ್ಷನಲ್ ಮೂರನ್ನೂ ಬಾಲ ಕತ್ತರಿಸಿ ಒಂದೇ ಮಾಡಿಬಿಡುತ್ತೆ. ನಿಮಗೆ ಡಿಸ್ಟಿಲೇಷನ್ ಬಂದಿದ್ದು ಅದಕ್ಕೇ ಇರಬೇಕು. ಅಂದ್ರೆ ಇಂಗ್ಲಿಷಲ್ಲಿ ಅತಿ ಬುದ್ಧಿವಂತಿಕೆ, ಕನ್ನಡದಲ್ಲಿ ಏನೂ ಇಲ್ಲ 😄 ಇಂಗ್ಲಿಷಲ್ಲಿ ಹುಡುಕುವಾಗ ವಿಷಯದ ಫಿಲ್ಟರ್ ಗಣಿತ ಅಂತ ಇಡಿ, ಅದಿಲ್ಲ ಅಂದ್ರೆ ಬೇಡದ ಪದದ ಶುರುವಿಗೆ ಜಾಗ ಬಿಡದೆ ಮೈನಸ್ ಗುರುತು ಹಾಕಿ.

ಕನ್ನಡಕ್ಕೆ ಕೊನೇಲಿ ಸ್ಟಾರ್ ಹಾಕಿ ನೋಡಿ, ಭಿನ್ನರಾಶಿ* ಹೀಗೆ. ಅಲ್ಲಿಂದ ಮುಂದೆ ಏನೇ ಬಂದ್ರೂ ತಗೋ ಅಂತ ಅರ್ಥ. ಕೆಲವು ಲೈಬ್ರರಿ ಸ್ಟಾರ್ ಕಂಡ್ರೆ ಕಂಡೂ ಕಾಣದಂಗೆ ಇರ್ತವೆ, ಹಾಕಿ ನೋಡಿದ್ರೇನೇ ಗೊತ್ತಾಗೋದು. ಎಲ್ಲಿ ಕತ್ತರಿಸ್ತೀರ ಅನ್ನೋದೂ ಮುಖ್ಯ. ಪಾಲು ಅಂತ ಪೂರ್ತಿ ಬರೆದು ಸ್ಟಾರ್ ಹಾಕಿದ್ರೆ ಪಾಲಿನ, ಪಾಲಿಗೆ ಸಿಗಲ್ಲ, ಯಾಕಂದ್ರೆ ಉಕಾರ ಹೋಗಿ ಇಕಾರ ಬಂತಲ್ಲ, ಪಾಲ* ಅಂತ ಇಡಬೇಕು. ಆಗ ಪಾಲಕರ ಸಭೆನೂ ಬರುತ್ತೆ ಅನ್ನೋದು ಬೇರೆ ಮಾತು.

ಉದ್ದ ವಾಕ್ಯಕ್ಕೆ ಸೊನ್ನೆ ಬಂದಿದ್ದು, ನೀವು ಬರೆದ ಎಲ್ಲಾ ಪದಾನೂ ಒಂದೇ ಪಾಠದಲ್ಲಿ ಇರಬೇಕು ಅಂತ ಅದು ತಿಳ್ಕೊಂಡಿರೋದ್ರಿಂದ ಅನ್ಸುತ್ತೆ. 'ಹೇಗೆ', 'ಹೇಳಿಕೊಡೋದು' ಅಂತೆಲ್ಲ ಯಾರು ಕೀವರ್ಡಲ್ಲಿ ಬರೀತಾರೆ? ಭಿನ್ನರಾಶಿ* ಸಂಕಲನ* ಇಷ್ಟೇ ಸಾಕು. ಕೂಡೋದು ಅಂತ ನಾವು ಮಾತಾಡ್ತೀವಿ, ಟೈಟಲಲ್ಲಿ ಸಂಕಲನ ಅಂತಾನೇ ಇರುತ್ತೆ.

ಗೂಬೆ64:
ಇಷ್ಟೆಲ್ಲಾ ಯಾಕೆ ಗುರು, ಗೂಗಲಲ್ಲಿ ಸೈಟ್ ಅಂತ ಹಾಕಿ ಕೋಲನ್ ಕೊಟ್ಟು ಲೈಬ್ರರಿ ಅಡ್ರೆಸ್ ಹಾಕಿ ಹುಡುಕಿದ್ರೆ ಮುಗೀತು.

ಇಂಡೆಕ್ಸ್_ಇಲಿ:
ಲೈಬ್ರರಿ ಎಲ್ಲರಿಗೂ ತೆರೆದಿದ್ರೆ ಒಳ್ಳೇ ಉಪಾಯಾನೇ. ಮೇಡಂದು ಲಾಗಿನ್ ಒಳಗಿದೆ ಗೂಬೆ, ಗೂಗಲ್‌ಗೆ ಬಾಗಿಲು ಹಾಕಿರುತ್ತೆ.

ಅರೆಬೆಂದ_ಕೋಡರ್:
ಮಧ್ಯದಲ್ಲಿ ಬಾಯಿ ಹಾಕ್ತಿದೀನಿ ಸಾರಿ, ನಮ್ಮ ಆಫೀಸ್ ಟ್ರೈನಿಂಗ್ ಲೈಬ್ರರೀಲಿ ಸಿ++ ಅಂತ ಪ್ರೋಗ್ರಾಮಿಂಗ್ ಭಾಷೆ ಹೆಸರು ಹುಡುಕಿದ್ರೆ ಸಿ ಇರೋದೆಲ್ಲಾ ಬರುತ್ತೆ, ಸಿ# ಕೂಡ ಬರುತ್ತೆ, ಎಐ ಅಂತ ಇಂಗ್ಲಿಷಲ್ಲಿ ಹೊಡೆದ್ರೆ ಒಂದೂ ಬರಲ್ಲ. ಇದೂ ಅದೇನಾ?

ಇಂಡೆಕ್ಸ್_ಇಲಿ:
ಅಣ್ಣತಮ್ಮ ಅನ್ನಬಹುದು. ಲೂಸೀನ್ ಅನ್ನೋ ಸರ್ಚ್ ಸಾಫ್ಟ್‌ವೇರ್ ಮೇಲೆ ಕಟ್ಟಿರೋದಾಗಿದ್ರೆ (ಸೋಲಾರ್, ಎಲಾಸ್ಟಿಕ್‌ಸರ್ಚ್ ಎರಡೂ ಅದೇ) ಅದರಲ್ಲಿ ಪದ ಒಡೆಯೋ ಸ್ಟ್ಯಾಂಡರ್ಡ್ ಟೋಕನೈಸರ್ ಪ್ಲಸ್ಸು, ಹ್ಯಾಶು ಎಲ್ಲಾ ಉದುರಿಸಿ ಬರೀ ಸಿ ಉಳಿಸುತ್ತೆ. ಕೋಟ್ ಒಳಗೆ ಹಾಕಿದ್ರೂ ಪ್ರಯೋಜನ ಇಲ್ಲ, ಇಂಡೆಕ್ಸಲ್ಲೇ ಇಲ್ಲವಲ್ಲ, ಸಿ ಪ್ಲಸ್ ಪ್ಲಸ್ ಅಂತ ಅಕ್ಷರದಲ್ಲಿ ಬರೆದು ನೋಡಿ ಇಲ್ಲಾ ಟಾಪಿಕ್ ಲಿಸ್ಟಿಂದ ಹೋಗಿ. ಎಐ ಸಿಗದೇ ಇರೋದಕ್ಕೆ ನಂಗೆ ಅನುಮಾನ ಡೇಟಾಬೇಸ್ ಸಾಫ್ಟ್‌ವೇರ್ ಆದ ಮೈಎಸ್‌ಕ್ಯೂಎಲ್ ಮೇಲೆ. ಅದರ ಫುಲ್‌ಟೆಕ್ಸ್ಟ್ ಸರ್ಚಲ್ಲಿ ಇನ್ನೋಡಿಬಿ ಅನ್ನೋ ಥರದ ಟೇಬಲ್ ಆದ್ರೆ ಡೀಫಾಲ್ಟ್ ಆಗಿ 3 ಅಕ್ಷರಕ್ಕಿಂತ ಸಣ್ಣ ಪದ ಇಂಡೆಕ್ಸೇ ಆಗಲ್ಲ, ಹಳೇ ಮೈಐಸ್ಯಾಮ್ ಥರದ್ದಾದ್ರೆ 4. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅಂತ ಪೂರ್ತಿ ಬರೀರಿ, ಅಡ್ಮಿನ್ ಪರಿಚಯ ಇದ್ರೆ ಆ ಸೆಟ್ಟಿಂಗ್ ಬದಲಾಯಿಸಿ ಇಂಡೆಕ್ಸ್ ಮತ್ತೆ ಕಟ್ಟೋಕೆ ಹೇಳಿ. ಮುಂದಿನದಕ್ಕೆ ಬೇರೆ ಥ್ರೆಡ್ ಮಾಡಿಬಿಡಿ, ಇಲ್ಲಿ ಮೇಡಂ ಕಾಯ್ತಿದಾರೆ.

ಸೀಮೆಸುಣ್ಣ:
ಪರವಾಗಿಲ್ಲ ನಂಗೂ ಉಪಯೋಗಕ್ಕೆ ಬಂತು. ಸ್ಟಾರ್ ಕೆಲಸ ಮಾಡ್ತು!! 22 ಬಂತು, ಸಹೋದ್ಯೋಗಿಗಿಂತ ಜಾಸ್ತಿ. ಆದ್ರೆ ತಮಾಷೆ ನೋಡಿ, ನಂಗೆ ಬೇಕಾಗಿದ್ದ ಆ ಒಂದು ವಿಡಿಯೋ ಈಗಲೂ ಬಂದಿಲ್ಲ. ಅವರ ಫೋನಿಂದ ಲಿಂಕ್ ತಗೊಂಡು ತೆರೆದು ನೋಡಿದೆ, ಟೈಟಲಲ್ಲಿ ಸ್ಪಷ್ಟವಾಗಿ 'ಭಿನ್ನರಾಶಿ: ಚಿತ್ರಗಳ ಮೂಲಕ' ಅಂತಾನೇ ಇದೆ. ಅಕ್ಷರ ತಪ್ಪಿಲ್ಲ, ಜಾಗ ಬಿಟ್ಟಿಲ್ಲ, ಏನಿದು ಮಾಟ?

ಹಳೇ_ಲೈಬ್ರೇರಿಯನ್:
ನಿಮ್ಮ ಸಹೋದ್ಯೋಗಿ ಪದ ಬರೆದು ಎಂಟರ್ ಒತ್ತುತ್ತಾರೋ, ಇಲ್ಲ ಬರೀತಾ ಬರೀತಾ ಕೆಳಗೆ ಬರೋ ಸಜೆಶನ್ ಒತ್ತುತ್ತಾರೋ ಸ್ವಲ್ಪ ಕೇಳಿ ಅಮ್ಮಾ.

ಸೀಮೆಸುಣ್ಣ:
ಕೇಳಿದೆ. ಸಜೆಶನ್ ಅಂತೆ! ಅರ್ಧ ಬರೆಯೋಷ್ಟರಲ್ಲಿ ಕೆಳಗೆ 'ಭಿನ್ನರಾಶಿಗಳು' ಅಂತ ಬರುತ್ತೆ, ಅದನ್ನ ಒತ್ತುತ್ತಾರೆ. ನಿಮಗೆ ಹೇಗೆ ಗೊತ್ತಾಯ್ತು?

ಹಳೇ_ಲೈಬ್ರೇರಿಯನ್:
ಎಷ್ಟೋ ಜನ ಹೀಗೇ 'ಅದೇ ಪದ ಹಾಕಿದೆ' ಅಂತ ಜಗಳ ಆಡಿಕೊಂಡು ನನ್ನ ಟೇಬಲ್ ಹತ್ರ ಬಂದಿದಾರೆ. ಅದು ಸರ್ಚ್ ಅಲ್ಲ, ಟ್ಯಾಗ್. ಒತ್ತಿದ ತಕ್ಷಣ ಟೈಟಲಲ್ಲಿ ಪದ ಇದ್ಯಾ ಅಂತ ನೋಡೋದು ಬಿಟ್ಟು, ಯಾರೋ ಕೂತು ವಿಂಗಡಿಸಿ ಆ ಟ್ಯಾಗ್ ಅಂಟಿಸಿರೋ ಪಾಠಗಳನ್ನೆಲ್ಲಾ ತಂದುಕೊಡುತ್ತೆ. ಟೈಟಲ್ ಹಾಳಾಗಿದ್ರೂ ಸಿಗುತ್ತೆ, ಅದಕ್ಕೇ ಅವರಿಗೆ ಸಿಕ್ಕಿದ್ದು. ಟ್ಯಾಗ್ ಹಾಕೋಕೆ ಮರೆತಿರೋ ಪಾಠ ಅವರಿಗೆ ಸಿಗಲ್ಲ, ನಿಮಗೆ ಸಿಕ್ಕಿದೆ. ನಾನು ಮಾಡೋದು ಏನಂದ್ರೆ, ಹೇಗಾದ್ರೂ ಒಂದೇ ಒಂದು ಒಳ್ಳೇ ಪಾಠ ಹಿಡಿಯೋದು, ಅದರ ಪೇಜಲ್ಲಿ ಕೆಳಗಿರೋ ಟ್ಯಾಗ್ ಓದೋದು, ಆಮೇಲೆ ಅವರ ಪದದಲ್ಲೇ ಹುಡುಕೋದು. ನಮ್ಮ ಪದ ಹಿಡ್ಕೊಂಡು ಹಟ ಮಾಡಿದ್ರೆ ಕ್ಯಾಟಲಾಗ್ ಬಗ್ಗಲ್ಲ.

ಟೈಟಲ್ ಯಾಕೆ ಹಾಳಾಗಿದೆ ಅನ್ನೋದು ಮಾತ್ರ ನನ್ನ ಕೈಲಿ ಆಗಲ್ಲ, ಒತ್ತಕ್ಷರ ಇದಾರಾ?

ಒತ್ತಕ್ಷರ:
ಇದೀನಿ. ಕಣ್ಣಿಗೆ ಕಾಣದ ಅಕ್ಷರ ಸೇರ್ಕೊಂಡಿರುತ್ತೆ, ಬೆಟ್ ಕಟ್ತೀನಿ. ಆ ಟೈಟಲಿಂದ ಭಿನ್ನರಾಶಿ ಪದ ಮಾತ್ರ ಕಾಪಿ ಮಾಡಿ ಯಾವುದಾದ್ರೂ ಕ್ಯಾರೆಕ್ಟರ್ ಕೌಂಟರ್‌ಗೆ ಹಾಕಿ. ಯೂನಿಕೋಡಲ್ಲಿ, ಅಂದ್ರೆ ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಗುರುತಿಗೂ ಒಂದೊಂದು ಕೋಡ್ ಕೊಡೋ ಪದ್ಧತೀಲಿ, ಅದು ಸರಿಯಾಗಿ 9 ಇರಬೇಕು: ಭ, ಇಕಾರದ ಗುಡಿಸು, ನ, ಹಲಂತ, ನ, ರ, ದೀರ್ಘ, ಶ, ಮತ್ತೆ ಗುಡಿಸು. ಜಾಸ್ತಿ ಬಂದ್ರೆ ಕಳ್ಳ ಸಿಕ್ಕಂಗೆ. ಕೌಂಟರ್ 'ಕಾಣೋ ಅಕ್ಷರ' ಎಣಿಸೋ ಥರದ್ದಾಗಿದ್ರೆ 4 ಇಲ್ಲಾ 5 ಅಂತ ತೋರಿಸಬಹುದು, ಅದು ಬೇಡ, ಈ ಕೋಡ್‌ಗಳನ್ನ, ಅಂದ್ರೆ ಕೋಡ್ ಪಾಯಿಂಟ್, ಎಣಿಸೋದು ನೋಡಿ.

ಸೀಮೆಸುಣ್ಣ:
10!!!

ಒತ್ತಕ್ಷರ:
ನೋಡಿ. ವೆಬ್ ಪೇಜಿಂದ ಅಥವಾ ಪಿಡಿಎಫ್‌ನಿಂದ ಕಾಪಿ ಹೊಡೆದು ಟೈಟಲ್ ಹಾಕಿರ್ತಾರೆ, ಸಾಲು ಮುರಿಯೋಕೆ ಅಂತ ಇಟ್ಟಿರೋ ಸಾಫ್ಟ್ ಹೈಫನ್ನೋ, ಜೀರೋ ವಿಡ್ತ್ ಸ್ಪೇಸೋ, ಇಲ್ಲಾ ಅಕ್ಷರ ಒತ್ತಾಗಿ ಸೇರದಂಗೆ ತಡೆಯೋಕೆ ಇರೋ, ಕೀಬೋರ್ಡಿಂದ ಬಿದ್ದ ಜೀರೋ ವಿಡ್ತ್ ನಾನ್ ಜಾಯಿನರ್ರೋ ಭಿನ್ನಕ್ಕೂ ರಾಶಿಗೂ ಮಧ್ಯ ಬಂದು ಕೂತಿರುತ್ತೆ. ನೋಡೋಕೆ ಒಂದೇ, ಮಿಷನ್‌ಗೆ ಬೇರೆ ಪದ, ಸ್ಟಾರ್ ಹಾಕಿದ್ರೂ ಮಧ್ಯದಲ್ಲೇ ಮುರಿದುಹೋಗಿರೋದ್ರಿಂದ ಸಿಗಲ್ಲ. ಇದರದ್ದೇ ಇನ್ನೊಂದು ಅವತಾರ ಇದೆ, ಕೋನ ಅನ್ನೋದನ್ನ ಕ, ಓಕಾರ, ನ ಅಂತ 3 ಕೋಡಲ್ಲಿ ಬರೀಬಹುದು, ಅದೇ ಓಕಾರವನ್ನ ಎಕಾರ, ಊಕಾರ, ದೀರ್ಘದ ಗುರುತು ಅಂತ ಬಿಡಿ ಬಿಡಿಯಾಗಿ ಹಾಕಿ 5 ಕೋಡಲ್ಲೂ ಬರೀಬಹುದು, ಸ್ಕ್ರೀನ್ ಮೇಲೆ ವ್ಯತ್ಯಾಸ ಕಾಣಲ್ಲ. ಇಂಡೆಕ್ಸ್ ಮಾಡೋ ಮುಂಚೆ ನಾರ್ಮಲೈಸ್ ಮಾಡಿದ್ರೆ, ಅಂದ್ರೆ ಎರಡೂ ಥರ ಬರೆದಿದ್ದನ್ನ ಒಂದೇ ರೂಪಕ್ಕೆ ತಂದ್ರೆ, ಈ ಎರಡನೇದು ಸರಿಹೋಗುತ್ತೆ, ಮೊದಲನೇದಕ್ಕೆ ಆ ಅಕ್ಷರಗಳನ್ನ ಬೇರೆಯಾಗಿ ಉದುರಿಸಬೇಕು. ಹಳೇ ನುಡಿ, ಬರಹ ಆಸ್ಕಿ ಫಾಂಟಲ್ಲಿರೋ ಪಿಡಿಎಫ್ ಆದ್ರಂತೂ ಒಳಗಿರೋದು ಕನ್ನಡ ಅಕ್ಷರಾನೇ ಅಲ್ಲ, ಬೇರೆ ಅಕ್ಷರದ ಕೋಡ್‌ಗೆ ಫಾಂಟ್ ಕನ್ನಡದ ಆಕಾರ ತೋರಿಸುತ್ತೆ ಅಷ್ಟೇ, ಕನ್ನಡದಲ್ಲಿ ಹುಡುಕೋ ಆಸೆ ಬಿಡಿ.

ಹುಡುಕೋರ ಕೈಲಿ ಇದಕ್ಕೆ ಪರಿಹಾರ ಇಲ್ಲ. ಅಪ್‌ಲೋಡ್ ಮಾಡಿದೋರು ಟೈಟಲ್ ಅಳಿಸಿ ಕೈಯಿಂದ ಟೈಪ್ ಮಾಡಬೇಕು. ಅಲ್ಲೀವರೆಗೂ ಟೈಟಲಿನ ಬೇರೆ ಪದ ಹಿಡೀರಿ, ಚಿತ್ರಗಳ ಅಂತ ಹಾಕಿ ನೋಡಿ.

ಸೀಮೆಸುಣ್ಣ:
'ಚಿತ್ರಗಳ ಮೂಲಕ' ಅಂತ ಹಾಕಿದೆ, ಮೊದಲನೇದೇ ಅದು. ಪೇಜಲ್ಲಿ ತಪ್ಪು ತಿಳಿಸಿ ಅನ್ನೋ ಬಟನ್ ಇತ್ತು, ಟೈಟಲಲ್ಲಿ ಕಾಣದ ಅಕ್ಷರ ಇದೆ ಅಂತ ಬರೆದೆ, ನಂಗೆ ಹುಚ್ಚು ಹಿಡಿದಿದೆ ಅನ್ಕೊಂಡಿರ್ತಾರೆ ಪಾಪ.

ಸೀಮೆಸುಣ್ಣ:
ಅಪ್‌ಡೇಟ್: ಟೈಟಲ್ ಸರಿ ಮಾಡಿದ್ದೀವಿ ಅಂತ ಮೆಸೇಜ್ ಬಂತು, ತಕ್ಷಣ ಹುಡುಕಿದೆ, ಬರಲಿಲ್ಲ, ಮತ್ತೆ ನಿರಾಸೆ. ಕೇಳಿದ್ರೆ ಇಂಡೆಕ್ಸ್ ದಿನಕ್ಕೊಂದು ಸಲ ರಾತ್ರಿ ಅಪ್‌ಡೇಟ್ ಆಗೋದಂತೆ. ಬೆಳಿಗ್ಗೆ ನೋಡಿದೆ, 23. ಈಗ ಸಹೋದ್ಯೋಗಿ ಬಂದು ನಂಗೆ ಯಾಕೆ 19ಏ ಬರ್ತಿದೆ ಅಂತ ಕೇಳ್ತಿದಾರೆ, ಈ ಥ್ರೆಡ್ ಲಿಂಕ್ ಕಳಿಸಿದೀನಿ.