ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೆ ಎದೆ ಬಿಗಿಯುತ್ತದೆ, ಏನು ಮಾಡಲಿ?

ಬೆಟಗೇರಿ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವಳು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಕೌಂಟರ್‌ಗೆ ಬರುವವರು ಮೊದಲೇ ಕಷ್ಟದಲ್ಲಿರುತ್ತಾರೆ, ಬಿಲ್ ನೋಡಿದ ಕೂಡಲೇ ಕೂಗಾಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೈ ನಡುಗಲು ಶುರುವಾಗುತ್ತದೆ, ಸಂಜೆ ವಾಪಸ್ ಬರುವ ರೈಲು ದಾರಿ ನಡುವಿನ ಅಣ್ಣಿಗೇರಿ ದಾಟಿದರೂ ನಿಲ್ಲುವುದಿಲ್ಲ. ಮನೆಯಲ್ಲಿ ಅವ್ವನಿಗೆ ಲಕ್ವಾ ಹೊಡೆದಿದೆ. ಅವಳ ಎದುರು ಅಳುವಂತಿಲ್ಲ.

ಗೆಳತಿಯೊಬ್ಬಳು ಮೊಬೈಲ್‌ಗೆ ಗೈಡೆಡ್ ಮೆಡಿಟೇಶನ್ ಹಾಕಿಕೊಟ್ಟಳು. ರಾತ್ರಿ ಅವ್ವ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತೇನೆ. "ಕಣ್ಣು ಮುಚ್ಚಿ, ಉಸಿರನ್ನು ಗಮನಿಸಿ" ಅಂದ ಕೂಡಲೇ ಎದೆ ಬಿಗಿಯುತ್ತದೆ. ಗಾಳಿ ಸಾಲದು ಅನಿಸುತ್ತದೆ, ಬೆರಳ ತುದಿ ಜುಮುಗುಡುತ್ತದೆ. ಬೇರೆಯವರಿಗೆಲ್ಲ ಸಮಾಧಾನ ಸಿಗುತ್ತಂತೆ. ಇದು ನನಗೆ ಆಗಿಬರುವುದಿಲ್ಲವಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹಾವೇರಿ ಮಾಸ್ತರ

ತಂಗಿ, ರಾತ್ರಿ ಬೇಡ ನೋಡ್ರಿ. ದಣಿದು ಕೂತರೆ ಒಂದೋ ನಿದ್ದೆ, ಇಲ್ಲ ಚಿಂತೆ. ನಾನು ಬೆಳಿಗ್ಗೆ ಚಹಾಕ್ಕೂ ಮುಂಚೆ ಕೂರುತ್ತೇನೆ. ಸ್ವಲ್ಪ ಹೊತ್ತಾದರೂ ಸಾಕು.

ಮಾಳಮಡ್ಡಿ ಅಕ್ಕ

ನಾನು ಧಾರವಾಡದವಳು, ಮನೋರೋಗ ವಿಭಾಗದಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ನೀನು ನನ್ನ ಮಗಳ ವಯಸ್ಸಿನವಳಿರಬೇಕು, ಏಕವಚನದಲ್ಲೇ ಮಾತಾಡುತ್ತೇನೆ. ನಿನ್ನ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ.

ನಿನಗೆ ಆಗುತ್ತಿರುವುದು ಬಹಳ ಜನರಿಗೆ ಆಗುತ್ತದೆ. ಗಾಬರಿ ಮೊದಲು ಕೂರುವುದೇ ಎದೆಯಲ್ಲಿ. ಅದನ್ನೇ ಗಮನಿಸು ಅಂದರೆ ನಮಗೆ ಗೊತ್ತಿಲ್ಲದೆಯೇ ಉಸಿರನ್ನು ಜೋರಾಗಿ, ಬೇಗಬೇಗ ಎಳೆದುಕೊಳ್ಳುತ್ತೇವೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮುಗುಡುವುದು, ತಲೆ ಹಗುರಾಗುವುದು, ಗಾಳಿ ಸಾಲದು ಅನಿಸುವುದು ಹೆಚ್ಚಾಗಿ ಇದರಿಂದಲೇ. ಆದರೂ ಒಮ್ಮೆ ಡಾಕ್ಟರಿಗೆ ತೋರಿಸು. ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿಕೋ. ಇದನ್ನು ಮುಂದೂಡಬೇಡ.

ಉಸಿರನ್ನು ಸದ್ಯಕ್ಕೆ ಅದರ ಪಾಡಿಗೆ ಬಿಡು. ಕಾಲಿನಿಂದ ಶುರು ಮಾಡು. ಕುರ್ಚಿಯಲ್ಲಿ ಕೂತು ಅಂಗಾಲನ್ನು ನೆಲಕ್ಕೆ ಒತ್ತು. ಶಹಾಬಾದ್ ಕಲ್ಲಿನ ನೆಲವಾದರೆ ಇನ್ನೂ ಒಳ್ಳೆಯದು, ತಣ್ಣಗಿರುತ್ತದೆ. ಭಾರ ಹಿಮ್ಮಡಿ ಮೇಲೆ ಜಾಸ್ತಿಯೋ, ಬೆರಳಿನ ಮೇಲೋ? ಎರಡು ಕಲ್ಲು ಕೂಡುವ ಸಂದು ಕಾಲಿಗೆ ಗೊತ್ತಾಗುತ್ತದೆಯಾ? ಅಷ್ಟೇ ನೋಡು. ಎದೆಯಿಂದ ದೂರ ಇರುವ ಜಾಗದಿಂದ ಹೊರಡುವ ಈ ಕ್ರಮ ನನ್ನದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1979ರಲ್ಲಿ ಜಾನ್ ಕಬಟ್-ಜಿನ್ ಅನ್ನುವವರು ಬಹುಕಾಲದ ನೋವಿನಿಂದ ಬಳಲುತ್ತಿದ್ದ ರೋಗಿಗಳಿಗೆ ಧ್ಯಾನ ಕಲಿಸಲು ಶುರು ಮಾಡಿದರು. ಅವರ 8 ವಾರದ ತರಬೇತಿಯಲ್ಲೂ ದೇಹವನ್ನು ಕಾಲ್ಬೆರಳಿನಿಂದ ಗಮನಿಸುತ್ತಾ ಮೇಲೆ ಬರುತ್ತಾರೆ. ಮಲಗಿಕೊಂಡು ಮೈಯ ಒಂದೊಂದೇ ಭಾಗವನ್ನು ಗಮನಿಸುವ ನಮ್ಮ ಯೋಗನಿದ್ರೆ ಬಲಗೈ ಹೆಬ್ಬೆರಳಿನಿಂದ ಹೊರಡುತ್ತದೆ.

ಕಣ್ಣನ್ನೂ ಮುಚ್ಚಲೇಬೇಕು ಅಂತಿಲ್ಲ. ಲಿಂಗಪೂಜೆ ಮಾಡಿಕೊಳ್ಳುವವರನ್ನು ನೋಡಿರುತ್ತೀಯ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ತೆರೆದ ಕಣ್ಣಲ್ಲೇ ದಿಟ್ಟಿಸುತ್ತಾರೆ. ಕಣ್ಣು ಮುಚ್ಚಿದರೆ ಹೆದರುವವರಿಗೆ ನಾನು ಮೊದಲು ತೆರೆದ ಕಣ್ಣಲ್ಲೇ ಕೂರಿಸುತ್ತಿದ್ದೆ. ಎದುರಿಗೆ ಒಂದು ತಂಬಿಗೆ ಇದ್ದರೂ ಆದೀತು.

ಇನ್ನೊಂದು ಮಾತು. ಹೆಚ್ಚಿನ ರೆಕಾರ್ಡಿಂಗ್‌ಗಳಲ್ಲಿ ಮಾತೇ ಜಾಸ್ತಿ, ಹಿಂದೆ ಕೊಳಲು, ನೀರಿನ ಸದ್ದು ಬೇರೆ. ನನಗೆ ಅದು ಸರಿ ಕಾಣುವುದಿಲ್ಲ. ನಿನ್ನ ಫೋನಿನಲ್ಲಿ ನಿನ್ನ ದನಿಯಲ್ಲೇ, ಮನೆಯಲ್ಲಿ ಮಾತಾಡುವ ಹಾಗೆ ರೆಕಾರ್ಡ್ ಮಾಡಿಕೋ. ನಾನು ವಾರ್ಡ್‌ನಲ್ಲಿ ಹೇಳುತ್ತಿದ್ದದ್ದು ಹೀಗೆ:

"ಅಂಗಾಲು ನೆಲಕ್ಕ ಹತ್ಯಾವ. ನೆಲಾ ತಣ್ಣಗದ. ತೊಡಿ ಕುರ್ಚಿ ಮ್ಯಾಲ ಅದಾವ, ಬೆನ್ನಿಗೆ ಆಸರ ಅದ. ಹೊರಗ ಏನು ಸಪ್ಪಳ ಕೇಳಸ್ತದ? ಅದು ಹೋತು. ಇನ್ನೊಂದು ಯಾವ್ದು?"

ಒಂದೊಂದು ಮಾತಿನ ನಡುವೆ ಸಾಕಷ್ಟು ಜಾಗ ಬಿಡು. ಒಟ್ಟು ಐದು ನಿಮಿಷ ಇದ್ದರೆ ಸಾಕು. ಇದು ರೂಢಿಯಾದ ಮೇಲೆ ಉಸಿರಿಗೆ ಬಾ. ಆಗಲೂ ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ಅನ್ನುವ ನರದ ಮೂಲಕ ಹೃದಯದ ಬಡಿತ ತುಸು ನಿಧಾನವಾಗುತ್ತದೆ.

ಮನಸ್ಸು ಸರಿಯಿದ್ದ ದಿನವೂ ತಪ್ಪಿಸಬೇಡ. ಕೌಂಟರ್‌ನಲ್ಲಿ ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಅಂಗಾಲು ಒತ್ತಿ ನೋಡು, ಯಾರಿಗೂ ಗೊತ್ತಾಗುವುದಿಲ್ಲ. ಕೂಗಾಡಿದರೆ ಕೈ ಮತ್ತೆ ನಡುಗಬಹುದು. ಆ ನಡುಕ ಎಷ್ಟು ಹೊತ್ತು ಉಳಿಯಿತು ಅನ್ನುವುದನ್ನು ಗಮನಿಸು. ಈಗ ಅಣ್ಣಿಗೇರಿ ದಾಟಿದರೂ ಇರುತ್ತದೆ ಅಂದೆಯಲ್ಲ, ಅದು ಕೆಲಸ ಮುಗಿಸಿ ನೀನು ಹುಬ್ಬಳ್ಳಿ ಸ್ಟೇಷನ್ ಮುಟ್ಟುವುದರೊಳಗೆ ಇಳಿಯುವ ದಿನ ಬರುತ್ತದೆ. ನನ್ನ ಕಣ್ಣೆದುರು ಎಷ್ಟೋ ಜನರಿಗೆ ಬಂದಿದೆ.

ಉಣಕಲ್ ತಂಬೂರಿ

ಅಕ್ಕಾರ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹಿಂದೂಸ್ತಾನಿ ಹಾಡಲು ಕಲಿಯುತ್ತಿದ್ದೇನೆ. ನನಗೆ ಮಾತಿನ ಧ್ಯಾನ ಹಿಡಿಸಲಿಲ್ಲ, ತಂಬೂರಿ ಶ್ರುತಿ ಹಿಡಿಸಿತು. ಮೊಬೈಲ್‌ನಲ್ಲೇ ಶ್ರುತಿ ಹಚ್ಚಿ ಒಂದು ತಂತಿಯ ನಾದ ಎಲ್ಲಿ ಮುಗಿಯುತ್ತದೆ ಅಂತ ಕೇಳುತ್ತಾ ಕೂರುತ್ತೇನೆ. ನಿಮ್ಮ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವೇ ಇದೆಯಲ್ಲ. ಬಿಡುವಿದ್ದಾಗ ಹೋಗಿ ಸ್ವಲ್ಪ ಹೊತ್ತು ಸಂಗೀತ ಕೇಳಿ ಬನ್ನಿ.

ಬೆಟಗೇರಿ ಹುಡುಗಿ

ಅಕ್ಕಾರ, ಓದುತ್ತಾ ಓದುತ್ತಾ ಅಳು ಬಂತು. ಈಗಲೇ ಚಪ್ಪಲಿ ಬಿಟ್ಟು ಕೂತು ನೋಡಿದೆ, ಎದೆ ಬಿಗಿಯಲಿಲ್ಲ. ರೈಲಿನಲ್ಲೂ ಮಾಡಬಹುದಾ? ಮತ್ತೆ ಅವ್ವನ ಎದುರು ಅಳು ಬಂದರೆ ಇದರಿಂದ ತಡೆಯಬಹುದಾ?

ಮಾಳಮಡ್ಡಿ ಅಕ್ಕ

ರೈಲಿನಲ್ಲಿ ಧಾರಾಳವಾಗಿ ಮಾಡು. ಕಿಟಕಿ ಪಕ್ಕ ಸೀಟು ಸಿಕ್ಕರೆ ಹೊರಗಿನ ಎರೆಹೊಲ ನೋಡು. ಹತ್ತಿ ಒಡೆದಿದೆಯಾ, ಕಡಲೆ ಎಷ್ಟು ಎತ್ತರ ಬಂದಿದೆ, ಒಂದೊಂದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಹೋಗು. ಇಯರ್‌ಫೋನ್ ಬೇಡ, ನಿನ್ನ ಸ್ಟೇಷನ್ ತಪ್ಪೀತು.

ಅಳು ತಡೆಯಲು ಇದನ್ನು ಬಳಸಬೇಡ ತಂಗಿ. ಅವ್ವನಿಗೆ ನಿನ್ನ ಮುಖ ನೋಡಿದರೆ ತಿಳಿಯದೇ ಇರುತ್ತದೆಯಾ? ಬಂದರೆ ಅಳು, ಅವಳ ಕೈ ಹಿಡಿದುಕೊಂಡೇ ಅಳು. ನಿದ್ದೆ ಪೂರ್ತಿ ಕೆಟ್ಟರೆ, ಊಟ ಸೇರದಿದ್ದರೆ, ಬದುಕು ಬೇಡ ಅನ್ನುವ ಯೋಚನೆ ಸುಳಿದರೆ ಧ್ಯಾನ ಮಾಡುತ್ತಾ ಕೂರಬೇಡ. 14416ಕ್ಕೆ ಫೋನ್ ಮಾಡು. ಅದು ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬಂದು ತೋರಿಸಬೇಕು ಅನಿಸಿದರೆ ಇಲ್ಲೇ ಬರೆ. ನಾನು ಜೊತೆಗೆ ಬರುತ್ತೇನೆ.