ಬಾಡಿಗೆ ನಿರ್ವಹಣೆಯ ತಂತ್ರಾಂಶವನ್ನು ಎಲ್ಲ ಕಟ್ಟಡಗಳಿಗೂ ವಿಸ್ತರಿಸುವ ಬಗ್ಗೆ

ಪ್ರಶ್ನೆ:
ಮೈಸೂರಿನ ಕುವೆಂಪುನಗರದ ಒಂದು ವಸತಿ ಸಂಕೀರ್ಣದ ಬಾಡಿಗೆ, ಮುಂಗಡ ಮತ್ತು ದುರಸ್ತಿ ಲೆಕ್ಕಗಳನ್ನು ನಮ್ಮ ಕಚೇರಿಯು ತಂತ್ರಾಂಶದಲ್ಲಿ ನಿರ್ವಹಿಸುತ್ತಿದೆ. ವಿಜಯನಗರದ ಮನೆಗಳು, ಹೆಬ್ಬಾಳದ ಗೋದಾಮು ಹಾಗೂ ಮಂಡ್ಯದ ಮಳಿಗೆಗಳನ್ನೂ ಅದರೊಳಗೆ ತರಬೇಕೆಂದು ಮಾಲೀಕರು ಬಯಸಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಸೇರಿಸಬಹುದೇ?

ಉತ್ತರ 1:
ಒಂದೊಂದಾಗಿಯೇ ಸೇರಿಸಿ ಸರ್. ಅದಕ್ಕೂ ಮೊದಲು ಘಟಕಗಳಿಗೆ ಹೆಸರಿಡುವ ಕ್ರಮವನ್ನು ನಿಗದಿಪಡಿಸಿ. ಒಂದು ಕಡತದಲ್ಲಿ ‘ಎರಡನೇ ಮಹಡಿ ಎಡಭಾಗ’, ಇನ್ನೊಂದರಲ್ಲಿ ‘204’, ಚೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ ಹಿಂದಿನ ಮಾಲೀಕರ ಹೆಸರು ಎಂದಿದ್ದರೆ, ಒಂದೇ ಮನೆ ತಂತ್ರಾಂಶದಲ್ಲಿ ಮೂರು ಮನೆಗಳಾಗುತ್ತದೆ. ಪ್ರತಿ ಘಟಕಕ್ಕೂ ಅದರ ಆರ್‌ಆರ್ ಸಂಖ್ಯೆಯನ್ನು (ವಿದ್ಯುತ್ ಸಂಪರ್ಕದ ಸಂಖ್ಯೆ) ಜೋಡಿಸಿಟ್ಟರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ನಿಜವಾದ ತೊಡಕು ತೆರಿಗೆಯದ್ದು. ಜಿಎಸ್‌ಟಿ ನೋಂದಣಿಯಿಲ್ಲದ ವ್ಯಕ್ತಿಗೆ ವಾಸಕ್ಕೆಂದು ಕೊಟ್ಟ ಮನೆಯ ಬಾಡಿಗೆಗೆ ತೆರಿಗೆಯಿಲ್ಲ. ಮಾಲೀಕರು ನೋಂದಾಯಿತರಾಗಿದ್ದರೆ ಮಳಿಗೆ, ಗೋದಾಮುಗಳ ಬಾಡಿಗೆಗೆ ಶೇ 18ರಷ್ಟು ವಿಧಿಸಬೇಕು. ಆದ್ದರಿಂದ ಮನೆಗಳಿಗೆಂದು ಸಿದ್ಧಪಡಿಸಿದ ಬಿಲ್ಲಿನ ಮಾದರಿಯನ್ನೇ ಮಂಡ್ಯದ ಮಳಿಗೆಗಳಿಗೂ ನಕಲು ಮಾಡಬೇಡಿ. ಹಿಂದಿರುಗಿಸಬೇಕಾದ ಮುಂಗಡವು ಆದಾಯವಲ್ಲ, ಹೊಣೆ. ಅದನ್ನು ಬಾಡಿಗೆಯ ಖಾತೆಯಲ್ಲಿ ಬೆರೆಸಿದರೆ ಬಾಡಿಗೆದಾರರು ಮನೆ ಬಿಡುವ ದಿನ ತಕರಾರು ಖಚಿತ. (ಸುಣ್ಣಬಣ್ಣದ ಕಡಿತದ ಜಗಳ ಹೇಗೂ ಇದ್ದೇ ಇರುತ್ತದೆ.)

ಪ್ರಶ್ನೆ ಕೇಳಿದವರು:
ಹಳೆಯ ಲೆಕ್ಕದ ಪುಸ್ತಕವನ್ನು ಯಾವಾಗ ನಿಲ್ಲಿಸಬಹುದು?

ಉತ್ತರ 2:
ಹೊಸದಾಗಿ ಸೇರಿಸಿದ ಕಟ್ಟಡದ ತಿಂಗಳ ಬಾಕಿಯು ಪುಸ್ತಕದಲ್ಲೂ ತಂತ್ರಾಂಶದಲ್ಲೂ ಪೈಸೆ ವ್ಯತ್ಯಾಸವಿಲ್ಲದೆ ತಾಳೆಯಾದ ಮೇಲೆ ನಿಲ್ಲಿಸಿ. ವಿಜಯನಗರದ ಮನೆಗಳಿಂದ ಆರಂಭಿಸಿ, ಮಳಿಗೆಗಳನ್ನು ಕೊನೆಗಿಟ್ಟುಕೊಳ್ಳಿ.